ಮೂರು ಊರಿಗೊಂದು ಪ್ರೋಟೋಕಾಲ್

ನಾವು ಮೂವರು ಸೇರಿ ಆ್ಯಪ್ ಬರೆಯಲು ಶುರು ಮಾಡಿದಾಗ ನಮಗೆ ಆಫೀಸು ಅಂತ ಒಂದಿರಲಿಲ್ಲ. ಈಗಲೂ ಇಲ್ಲ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಬಿಟ್ಟ ಮೇಲೆ ನಾನು ರಾಣೆಬೆನ್ನೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು ಕೋಡ್ ಬರೆಯುತ್ತೇನೆ. ಎರಡನೆಯವರು ಬ್ಯಾಡಗಿಯವರು. ಮೆಣಸಿನಕಾಯಿ ವ್ಯಾಪಾರದ ಮನೆತನ. ನಲವತ್ತೈದು ದಾಟಿದ ಮೇಲೆ ತಮ್ಮಷ್ಟಕ್ಕೆ ತಾವೇ ಪ್ರೋಗ್ರಾಮಿಂಗ್ ಕಲಿತವರು. ಅಂಗಡಿಯ ಹಿಂದಿನ ಕೋಣೆಯೇ ಅವರ ಕಚೇರಿ. ಅವರ ಲ್ಯಾಪ್‌ಟಾಪ್ ಬಿಚ್ಚಿದರೆ ಎದುರಿಗೆ ಕೂತವರು ಸೀನುತ್ತಾರೆ, ಅವರು ಮಾತ್ರ ಸೀನುವುದಿಲ್ಲ. ಮೂರನೆಯವಳು ಅಗಡಿಯವಳು, ನಮ್ಮಿಬ್ಬರಿಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವಳು, ಕೆಲಸದಲ್ಲಿ ಬಹಳ ದೊಡ್ಡವಳು. ದಿನಾ ಬಸ್ಸು ಹತ್ತಿ ಹಾವೇರಿಗೆ ಬಂದು, ಒಂದು ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಟೇಬಲ್ಲು ಹಾಕಿಕೊಂಡು ಕೂರುತ್ತಾಳೆ. ಝೆರಾಕ್ಸಿಗೆ ಬಂದವರು ಆಧಾರ್ ಕಾರ್ಡು ಅವಳ ಮುಂದೆ ಚಾಚುವುದೂ, ಅವಳು ತಲೆ ಎತ್ತದೆ ಆಚೆ ಟೇಬಲ್ಲಿನ ಕಡೆ ಬೆರಳು ತೋರಿಸುವುದೂ ಅಲ್ಲಿ ಮಾಮೂಲು.

ನಮ್ಮ ಆ್ಯಪ್ ಬೀಜದ ಹೊಲಗಳದ್ದು. ನಮ್ಮ ಸುತ್ತಲಿನ ಊರುಗಳಲ್ಲಿ ಟೊಮ್ಯಾಟೊ, ಬದನೆ, ಮೆಣಸಿನಕಾಯಿಗಳ ಬೀಜ ಬೆಳೆಯುತ್ತಾರೆ. ಗಂಡು ಸಾಲಿನ ಗಿಡದ ಹೂವಿನ ಪರಾಗವನ್ನು ಹೆಣ್ಣು ಸಾಲಿನ ಹೂವಿಗೆ ಕೈಯಾರೆ ಮುಟ್ಟಿಸಬೇಕು. ಅದಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ, ಮಾಡುವವರು ಹೆಚ್ಚಾಗಿ ಹೆಂಗಸರು. ಯಾವ ಸಾಲಿಗೆ ಯಾವತ್ತು ಕ್ರಾಸಿಂಗ್ ಆಯಿತು, ಯಾರು ಮಾಡಿದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ನೋಟ್‌ಬುಕ್ಕು ಮಂಜಿಗೆ ತೋಯುತ್ತಿತ್ತು, ಒಮ್ಮೊಮ್ಮೆ ಆಡು ತಿನ್ನುತ್ತಿತ್ತು. ಐರಣಿಯ ಹೆಂಗಸರ ಒಂದು ಗುಂಪು ಇದನ್ನೆಲ್ಲ ಫೋನಿನಲ್ಲಿ ಬರೆದುಕೊಳ್ಳುವಂತೆ ಮಾಡಿಕೊಡಿ ಎಂದು ಕೇಳಿತು. ಗುಂಪಿನ ಮುಖ್ಯಸ್ಥೆಯನ್ನು ನಾವೆಲ್ಲ ಐರಣಿ ಅಕ್ಕ ಎನ್ನುತ್ತೇವೆ. ಅವರು ಹಾಕಿದ ಶರತ್ತು ಒಂದೇ: "ನಮ್ಮ ಹೊಲದಾಗ ನೆಟ್‌ವರ್ಕ್ ಬರೂದಿಲ್ಲ. ಅದು ಬಂದ ಮ್ಯಾಲ ನೋಡೋಣಂತ ಅನಬ್ಯಾಡ್ರಿ. ಬರೂದಿಲ್ಲ."

ಆಗ ನಮ್ಮ ಕೋಡ್ ಎಲ್ಲರಂತೆ ಇಂಟರ್‌ನೆಟ್ಟಿನ ಒಂದು ದೊಡ್ಡ ತಾಣದಲ್ಲಿ ಇತ್ತು. ಖಾತೆ ಇದ್ದದ್ದು ಬ್ಯಾಡಗಿಯವರ ಹಳೆಯ ಮೊಬೈಲ್ ನಂಬರಿನ ಮೇಲೆ. ಅವರು ಆ ಸಿಮ್ಮಿಗೆ ತಿಂಗಳುಗಟ್ಟಲೆ ರಿಚಾರ್ಜ್ ಮಾಡದೆ ಬಿಟ್ಟರು. ನಂಬರು ಹೋಯಿತು. ಒಂದು ದಿನ ತಾಣ "ನೀವು ನೀವೇ ಎಂದು ತೋರಿಸಿ, ನಿಮ್ಮ ನಂಬರಿಗೆ ಒಂದು ಸಂಖ್ಯೆ ಕಳಿಸಿದ್ದೇವೆ" ಎಂದಿತು. ಆ ಸಂಖ್ಯೆ ಯಾರ ಫೋನಿಗೆ ಹೋಗಿ ಬಿತ್ತೋ ದೇವರೇ ಬಲ್ಲ.

ಕೋಡ್ ಕಳೆದಿರಲಿಲ್ಲ. ಮೂವರ ಲ್ಯಾಪ್‌ಟಾಪಿನಲ್ಲೂ ಒಂದೊಂದು ಪ್ರತಿ ಇತ್ತು. ಕಳೆದದ್ದು ಯಾರದು ಹೊಸದು ಎಂಬ ತಿಳಿವಳಿಕೆ. ಈಮೇಲಿನಲ್ಲಿ ಗಂಟು ಕಟ್ಟಿ ಕಳಿಸಲು ಹತ್ತಿದೆವು. ನಾನು ಕಳಿಸಿದ ಫೈಲಿನ ಹೆಸರು "ಫೈನಲ್". ಅಗಡಿಯವಳದು "ಖರೇ ಫೈನಲ್". ಬ್ಯಾಡಗಿಯವರದು "ಅವೆರಡೂ ಬಿಡ್ರಿ ಇದನ್ನ ತಗೋರಿ". ಒಂದು ವಾರದಲ್ಲಿ ಅಗಡಿಯವಳು ಸರಿಪಡಿಸಿದ ಮೂರು ತಪ್ಪುಗಳನ್ನು ನಾನು ಮರಳಿ ಕೋಡಿಗೆ ಸೇರಿಸಿದ್ದೆ.

ಭಾನುವಾರ ಮೂವರೂ ನಮ್ಮ ಮನೆಯಲ್ಲಿ ಸೇರಿದೆವು. ಸಿಮ್ ಕಳೆದವರು ತಪ್ಪಿತಸ್ಥರಂತೆ ಕೂರುತ್ತಾರೆ ಎಂದುಕೊಂಡಿದ್ದೆ. ಅವರು ಬಂದದ್ದು ಭಾಷಣ ತಯಾರು ಮಾಡಿಕೊಂಡು.

"ಇದರಾಗ ತಪ್ಪು ನಂದಲ್ಲ ಮೇಡಮ್ಮಾರ," ಎಂದರು. "ಎಲ್ಲಾರ ಮನಿ ಚಾವಿ ಒಬ್ಬನ ಕಿಸೇದಾಗ ಇಡೂದ ತಪ್ಪು. ಇನ್ನ ಮ್ಯಾಲ ನಡುವ ಯಾರೂ ಬ್ಯಾಡ. ನಿಮ್ಮ ಕಂಪ್ಯೂಟರ್ ನನ್ನ ಕಂಪ್ಯೂಟರ್ ಕೂಡ ಸೀದಾ ಮಾತಾಡಬೇಕು."

"ಕಿಸೆ ಯಾರದಿತ್ರಿ ಕಾಕಾರ?" ಎಂದು ಅಗಡಿಯವಳು ಮಂಡಕ್ಕಿ ಒಗ್ಗರಣೆಯ ತಾಟಿನಿಂದ ಶೇಂಗಾ ಆರಿಸುತ್ತ ಕೇಳಿದಳು.

ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಆದರೆ ನಡುವೆ ಯಾರೂ ಬೇಡ ಎಂಬ ಮಾತು ಮೂವರಿಗೂ ಹಿಡಿಸಿತು. ಹೊಲದಲ್ಲಿ ನೆಟ್‌ವರ್ಕ್ ಇಲ್ಲದ ಮೇಲೆ ಫೋನಿನಿಂದ ಫೋನಿಗೆ ನೇರವಾಗಿ ಮಾಹಿತಿ ದಾಟಿಸುವ ಒಂದು ರೀತಿ ಹೇಗೂ ಬೇಕಿತ್ತು. ಕಂಪ್ಯೂಟರುಗಳು ಪರಸ್ಪರ ಮಾತಾಡಿಕೊಳ್ಳುವ ಇಂಥ ರೀತಿನೀತಿಗೇ ಪ್ರೋಟೋಕಾಲ್ ಎನ್ನುವುದು. ನಮ್ಮ ಕೋಡಿಗೂ ಹೊಲದ ಫೋನಿಗೂ ಒಂದನ್ನೇ ಹಾಕಿಕೊಂಡರೆ ಕಲಿಯುವುದು ಒಂದೇ ಸಲ. ಹುಡುಕೋಣ ಎಂದು ಎದ್ದೆವು.

ಮುಂದಿನ ಭಾನುವಾರಕ್ಕೆ ಒಂದು ಸಿಗಬೇಕಾದಲ್ಲಿ ಮೂರು ಸಿಕ್ಕಿದ್ದವು, ತಲೆಗೊಂದು.

ಬ್ಯಾಡಗಿಯವರು ತಂದದ್ದಕ್ಕೆ ನಾವು ಓಣಿ ಸುದ್ದಿ ಎಂದು ಹೆಸರಿಟ್ಟೆವು. ಅದರಲ್ಲಿ ಪ್ರತಿಯೊಬ್ಬರೂ ಒಂದು ದಿನಚರಿ ಬರೆಯುತ್ತಾರೆ. ಇಬ್ಬರ ಯಂತ್ರಗಳು ಎದುರಾದಾಗ ತಮ್ಮದನ್ನಷ್ಟೇ ಅಲ್ಲ, ತಮಗೆ ಗೊತ್ತಿದ್ದ ಮಂದಿಯ ದಿನಚರಿಯನ್ನೂ ಒಬ್ಬರಿಗೊಬ್ಬರು ದಾಟಿಸುತ್ತಾರೆ. ಹೀಗೆ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತದೆ. ದಿನಚರಿಗೆ ಸೇರಿಸಬಹುದು, ಅದರಿಂದ ಅಳಿಸಲು ಬರುವುದಿಲ್ಲ. ಅಗಡಿಯವಳು ತಂದದ್ದರಲ್ಲಿ ಪ್ರತಿ ಫೈಲಿಗೂ ಹೆಬ್ಬೆಟ್ಟಿನ ಗುರುತಿನಂತೆ ಒಂದು ಉದ್ದನೆಯ ಗುರುತು. ಆ ಗುರುತು ಹೇಳಿದರೆ ಫೈಲು ಯಾರ ಹತ್ತಿರ ಇದೆಯೋ ಅವರು ಕೊಡುತ್ತಾರೆ; ಕೊಟ್ಟವರು ಯಾರು ಎಂದು ಕೇಳುವ ಹಾಗಿಲ್ಲ, ಗುರುತು ಹೊಂದಿದರೆ ಸಾಕು. ನಾನು ತಂದದ್ದು ಕೋಡ್ ಬರೆಯುವವರಿಗಾಗಿಯೇ ಮಾಡಿದ್ದು. ಪ್ರತಿಯೊಬ್ಬರದೂ ಬೇರೆ ಸಹಿ, ಬೇರೆ ಪ್ರತಿ, ಒಪ್ಪಿಗೆಯಾದದ್ದನ್ನು ಒಗ್ಗೂಡಿಸುವುದು. ಅದಕ್ಕೆ ಸದಾ ಎಚ್ಚರವಿರುವ ಒಂದು ಯಂತ್ರ ಎಲ್ಲೋ ಒಂದು ಕಡೆ ಇರಬೇಕು. ಆ ಯಂತ್ರಕ್ಕೆ ಅದನ್ನು ಮಾಡಿದವರು ಇಟ್ಟ ಹೆಸರು ಬೀಜ. ಬೀಜದ ಊರಿನವಳಾದ ನನಗೆ ಅಲ್ಲಿಯೇ ಮನಸ್ಸು ಸೋತಿತು. ಅದರ ಕೈಪಿಡಿಯನ್ನು ಚಂದಾಗಿ ಬರೆದಿದ್ದರು ಎನ್ನುವುದೂ ಒಂದು ಕಾರಣ. ಮಾಸ್ತರಿಕೆ ಮಾಡಿದವರು ಇಂಥದಕ್ಕೆ ಬೇಗ ಬೀಳುತ್ತಾರೆ.

ಒಂದೊಂದನ್ನು ಎಂಟೆಂಟು ದಿನ ಬಳಸಿ ನೋಡುವುದು, ಆಮೇಲೆ ತೀರ್ಮಾನ ಎಂದಾಯಿತು.

ಮೊದಲ ಸರದಿ ಓಣಿ ಸುದ್ದಿಯದು. ಐದು ದಿನ ಚೆನ್ನಾಗಿ ನಡೆಯಿತು. ಆರನೆಯ ದಿನ ಬ್ಯಾಡಗಿಯವರು ಕೋಡಿನ ಒಂದು ಭಾಗ ಓದುತ್ತ ಸಿಟ್ಟಿಗೆದ್ದು ದಿನಚರಿಯಲ್ಲಿ ಬರೆದರು: "ಈ ಕೋಡ್ ಬರದವ್ರಿಗೆ ಮೆಣಸಿನಕಾಯಿ ತೊಟ್ಟು ಬಿಡಿಸೋ ಕೆಲಸಾನೂ ಕೊಡಬಾರದು."

ಆ ಭಾಗ ನನ್ನದೇ ಇರಬೇಕು ಎಂದುಕೊಂಡೆ. ಮಧ್ಯಾಹ್ನದ ಊಟ ಬಿಟ್ಟು, ಯಾವ ಸಾಲನ್ನು ಯಾರು ಯಾವಾಗ ಬರೆದರು ಎಂಬ ಇತಿಹಾಸ ತೆಗೆದು ನೋಡಿದೆ. ಎರಡು ವರ್ಷದ ಹಿಂದೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಅದನ್ನು ಬರೆದವರು ಬ್ಯಾಡಗಿಯವರೇ. ಆ ಪುಟದ ಚಿತ್ರ ತೆಗೆದು ಅವರಿಗೆ ಕಳಿಸಿದೆ. ಆಮೇಲೆ ಫೋನು ಬಂತು.

"ಮೇಡಮ್ಮಾರ, ಅದನ್ನ ಅಳಸೂದು ಹೆಂಗ್ರಿ?"

"ಅಳಸಾಕ ಬರೂದಿಲ್ಲ ಅನ್ನೂದ ಇದರ ಶಕ್ತಿ ಅಂತ ನೀವ ಹೇಳಿದ್ರಲ್ರಿ ಅಣ್ಣಾರ."

"ಹೇಳೇನಿ. ಈಗೇನು ದಾರಿ ಐತೇನಂತ ಕೇಳಾಕತ್ತೇನಿ."

ದಾರಿ ಇರಲಿಲ್ಲ. ಅವರ ಯಂತ್ರದಲ್ಲಿ ಅಳಿಸಿದರೂ ನನ್ನಲ್ಲಿತ್ತು, ಅಗಡಿಯವಳಲ್ಲಿತ್ತು, ಮತ್ತೆ ಎದುರಾದ ಕೂಡಲೇ ಅವರಿಗೇ ಅದು ಮರಳಿ ತಲುಪುತ್ತಿತ್ತು.

ಅಗಡಿಯವಳ ಹೆಬ್ಬೆಟ್ಟಿನ ಗುರುತಿನ ಸರದಿ ಇನ್ನೊಂದು ಬಗೆ. ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಗುರುತು ಬದಲಾಗುತ್ತಿತ್ತು. ಅವಳು ದಿನಕ್ಕೆ ಹತ್ತು ಸಲ ಹೊಸ ಗುರುತು ಕಳಿಸುವಳು. ಅಂಗಡಿಯಲ್ಲಿ ಮೆಸೇಜು ನೋಡಲು ಪುರುಸೊತ್ತಿಲ್ಲದ ಬ್ಯಾಡಗಿಯವರು ಅವಳಿಗೆ ಫೋನು ಮಾಡಿ ಬಾಯಲ್ಲೇ ಹೇಳೆನ್ನುವರು. ಒಂದು ಮಧ್ಯಾಹ್ನ ಅವಳು ಝೆರಾಕ್ಸ್ ಅಂಗಡಿಯಲ್ಲಿ ನಿಂತು ದೊಡ್ಡ ದನಿಯಲ್ಲಿ ನಲವತ್ತಾರು ಅಕ್ಷರ ಅಂಕಿಗಳನ್ನು ಓದಿ ಹೇಳಿದಳಂತೆ. ಸರದಿಯಲ್ಲಿ ನಿಂತಿದ್ದ ಅಜ್ಜರೊಬ್ಬರು "ನಂದು ಯಾವಾಗ ಬರತೈತವ್ವ ನಂಬರು?" ಎಂದು ಕೇಳಿದರಂತೆ. ಅದೂ ಇರಲಿ. ಸಂಜೆ ಅವಳು ಲ್ಯಾಪ್‌ಟಾಪ್ ಮುಚ್ಚಿ ಅಗಡಿಯ ಬಸ್ಸು ಹತ್ತಿದಳೆಂದರೆ, ಆ ದಿನದ ಹೊಸ ಫೈಲೂ ಅವಳ ಜೊತೆಗೆ ಬಸ್ಸು ಹತ್ತುತ್ತಿತ್ತು. ಜಗತ್ತಿನ ಯಾರ ಹತ್ತಿರವಾದರೂ ಇದ್ದರೆ ಕೊಡುತ್ತಾರೆ ಎನ್ನುವುದು ನಿಜ, ಆದರೆ ನಮ್ಮ ಬದನೆ ಸಾಲಿನ ಫೈಲು ಜಗತ್ತಿನಲ್ಲಿ ಅವಳೊಬ್ಬಳ ಹತ್ತಿರವೇ ಇರುತ್ತಿತ್ತು.

ಇಬ್ಬರ ಗತಿಯನ್ನೂ ನೋಡಿ ನಾನು ಒಳಗೊಳಗೇ ಹಿಗ್ಗಿದ್ದೆ. ನನ್ನ ಬೀಜದ ಯಂತ್ರವನ್ನು ಬ್ಯಾಡಗಿಯ ಅಂಗಡಿಯಲ್ಲಿಟ್ಟೆವು, ಅಲ್ಲಿ ಇನ್ವರ್ಟರ್ ಇತ್ತು. ಅಂಗೈಯಗಲದ ಡಬ್ಬಿ, ಹಸಿರು ದೀಪ. ಎರಡು ದಿನ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ಬೀಜ ಮಾಯ. ಮಧ್ಯಾಹ್ನ ತಾನಾಗಿ ಬಂತು, ಸಂಜೆ ಮತ್ತೆ ಮಾಯ. ನಾನು ಕೈಪಿಡಿಯನ್ನು ಮೊದಲಿನಿಂದ ಓದಿದೆ. ರೌಟರನ್ನು ಬೈದೆ. ಪ್ರೋಟೋಕಾಲ್ ಮಾಡಿದವರಿಗೆ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಪತ್ರ ಬರೆದು, ಏನೇನು ಪರೀಕ್ಷೆ ಮಾಡಿದೆ ಎಂದು ಸಾಕ್ಷಿ ಸಮೇತ ವಿವರಿಸಿದೆ. ಕೊನೆಗೆ ಬಸ್ಸು ಹತ್ತಿ ಬ್ಯಾಡಗಿಗೇ ಹೋದೆ.

ಅಂಗಡಿಯಲ್ಲಿ ಚೀಲದ ಬಾಯಿ ಹೊಲಿಯುವ ಮಷಿನ್ನು ಗರ್ ಎನ್ನುತ್ತಿತ್ತು. ಅದರ ಪ್ಲಗ್ಗು ನನ್ನ ಬೀಜದ ಪ್ಲಗ್ಗಿನ ಜಾಗದಲ್ಲಿತ್ತು. ಹೊಲಿಯುತ್ತಿದ್ದ ಹಿರಿಯ ಹಮಾಲರು ನಾನು ಕೇಳುವ ಮೊದಲೇ ವಿವರಣೆ ಕೊಟ್ಟರು.

"ಅದು ಬರೇ ಲೈಟ್ ಹಚ್ಚಿಕೊಂಡು ಕುಂತಿತ್ರಿ ಅಕ್ಕಾರ. ಏನೂ ಕೆಲಸ ಮಾಡತಿದ್ದಿಲ್ಲ. ಅದಕ್ಕ ತಗದೆ."

ನಾನು ಸೀನುತ್ತ ಸೀನುತ್ತ ರಾಣೆಬೆನ್ನೂರಿಗೆ ಮರಳಿದೆ. ಪ್ರೋಟೋಕಾಲ್ ಮಾಡಿದವರು ನನ್ನ ಪತ್ರಕ್ಕೆ ಬಹಳ ಸೌಜನ್ಯದ ಉತ್ತರ ಬರೆದಿದ್ದರು. ಮೊದಲನೆಯ ಪ್ರಶ್ನೆ, ಯಂತ್ರಕ್ಕೆ ವಿದ್ಯುತ್ ಸಂಪರ್ಕ ಇದೆಯೇ ಎಂಬುದಾಗಿತ್ತು.

ತೀರ್ಮಾನದ ಭಾನುವಾರ ಬಂತು. ಕೋಷ್ಟಕ ಹಾಕಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟೆವು. ಮೂವರೂ ತಮ್ಮ ತಮ್ಮದಕ್ಕೆ ಹತ್ತು ಕೊಟ್ಟುಕೊಂಡು, ಉಳಿದೆರಡಕ್ಕೆ ನಾಲ್ಕರ ಆಸುಪಾಸು ಹಾಕಿದ್ದೆವು. ನಡುವೆ ಯಾರೂ ಬೇಡ ಎಂದು ಹೊರಟವರಿಗೆ ಪಂಚಾಯ್ತಿ ಮಾಡಲು ನಡುವೆ ಯಾರೂ ಇರಲಿಲ್ಲ. ಮಾತು ಬಿಸಿಯಾಯಿತು. ನನ್ನದಕ್ಕೆ ಅಗಡಿಯವಳು ಮೂರೇ ಅಂಕ ಕೊಟ್ಟದ್ದು ನನಗೆ ನಿಜವಾಗಿ ನೋವಾಯಿತು. ನಾನು ಬಾಯಿ ತಪ್ಪಿ, "ನಿನಗ ಅನುಭವ ಕಡಿಮಿ ಐತಿ" ಎಂದುಬಿಟ್ಟೆ. ಅವಳು ಚಹಾದ ಲೋಟ ಒಳಗೆ ತೊಳೆದಿಟ್ಟು, "ಬಸ್ಸಿಗೆ ಹೊತ್ತಾತ್ರಿ ಅಕ್ಕಾ" ಎಂದು ಹೊರಟಳು. ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಆ ತಾಸನ್ನು ಅವಳು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ಕಳೆದಿರಬೇಕು. ನಾನು ಫೋನು ಕೈಯಲ್ಲಿ ಹಿಡಿದು ಕೂತೆ, ಮಾಡಲಿಲ್ಲ.

ಆ ವಾರದಲ್ಲೇ ಐರಣಿ ಅಕ್ಕ ಆ್ಯಪ್ ತೋರಿಸಲು ಕರೆದರು. ನದಿಗೆ ಹತ್ತಿರದ ಸಮುದಾಯ ಭವನ, ಇಪ್ಪತ್ತು ಮಂದಿ ಹೆಂಗಸರು, ಗೋಡೆಗೆ ಕಟ್ಟಿದ ಬಿಳಿ ಲುಂಗಿ ನಮ್ಮ ಪ್ರೊಜೆಕ್ಟರಿನ ಪರದೆ. ನಾನೂ ಬ್ಯಾಡಗಿಯವರೂ ಮೊದಲು ತಲುಪಿದೆವು. ಬ್ಯಾಡಗಿಯವರು ಲ್ಯಾಪ್‌ಟಾಪ್ ಬಿಚ್ಚಿದ್ದೇ ಮುಂದಿನ ಸಾಲು ಪೂರ್ತಿ ಸೀನಿತು. ಅಷ್ಟರಲ್ಲಿ ಒಬ್ಬಾಕೆ ನನ್ನ ಫೋನಿನಲ್ಲಿ ಆ್ಯಪ್ ಒತ್ತಿ ನೋಡಿ ಕೇಳಿದಳು: "ಇದರಾಗ ಗಂಡು ಸಾಲು ಹೆಣ್ಣಾಗೇತಿ, ಹೆಣ್ಣು ಸಾಲು ಗಂಡಾಗೇತಿ. ಹಿಂಗ ಇರೂದೇನ್ರಿ?"

ಹೀಗೆ ಇರುವುದಲ್ಲ. ನನ್ನ ಕೊನೆಯ ಬದಲಾವಣೆಯಲ್ಲಿ ಅದಲು ಬದಲಾಗಿತ್ತು. ಪರಾಗ ಯಾವ ಸಾಲಿನಿಂದ ಯಾವ ಸಾಲಿಗೆ ಎಂಬುದೇ ತಲೆಕೆಳಗಾದರೆ ಆ ಹೊಲದ ಬೀಜಕ್ಕೆ ಅರ್ಥವೇ ಇಲ್ಲ. ಅದೇ ಹೊತ್ತಿಗೆ ಅಗಡಿಯವಳು ಬಂದಳು, ಬಸ್ಸಿನ ಧೂಳು ಒರೆಸಿಕೊಳ್ಳುತ್ತ.

"ಸಾಲು ಅದಲು ಬದಲಾದ್ದು ನೋಡೇನ್ರಿ ಅಕ್ಕಾ. ಬಸ್ಸಿನ್ಯಾಗ ಕುಂತು ಸರಿ ಮಾಡೇನಿ," ಎಂದಳು. "ಮೂರೂ ಪ್ರೋಟೋಕಾಲಿನ್ಯಾಗ ಹಾಕೇನಿ. ಯಾವುದು ಅಂತ ಇನ್ನೂ ಠರಾವ ಆಗಿಲ್ಲಲ್ಲ."

ಅವಳ ದನಿಯಲ್ಲಿ ಕುಟುಕಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಅವಳು ಸರಿ ಮಾಡಿದ್ದು ನಮ್ಮಿಬ್ಬರ ಯಂತ್ರಕ್ಕೆ ಇನ್ನೂ ಬಂದಿರಲಿಲ್ಲ, ಭವನದಲ್ಲಿ ನೆಟ್‌ವರ್ಕ್ ಇರಲಿಲ್ಲ. ನನ್ನ ಬೀಜ ಬ್ಯಾಡಗಿಯಲ್ಲಿ, ನಾವು ಐರಣಿಯಲ್ಲಿ. ಅವಳ ಗುರುತಿನ ಫೈಲನ್ನು ಹುಡುಕಿಸಲು ಹೊರಗಿನ ಜಗತ್ತು ಬೇಕು, ಅದು ಇಲ್ಲ. ಹೆಂಗಸರು ನಮ್ಮ ಮೂವರ ಮುಖ ನೋಡುತ್ತ ಕೂತಿದ್ದರು.

"ಪೆನ್‌ಡ್ರೈವ್ ತಂದಿಲ್ಲೇನ್ರಿ?" ಎಂದು ಐರಣಿ ಅಕ್ಕ ಕೇಳಿದರು.

ಮೂರು ಊರಿನ ಮೂವರು ಪ್ರೋಗ್ರಾಮರುಗಳು ಒಬ್ಬರ ಮುಖ ಒಬ್ಬರು ನೋಡಿದೆವು. ಯಾರೂ ತಂದಿರಲಿಲ್ಲ.

ಆಗ ಬ್ಯಾಡಗಿಯವರು ತಮ್ಮ ಫೋನಿನ ಹಾಟ್‌ಸ್ಪಾಟ್ ಹಚ್ಚಿದರು. ಅದರಲ್ಲಿ ಇಂಟರ್‌ನೆಟ್ ಇಲ್ಲ, ಆದರೆ ಒಂದೇ ಕೋಣೆಯ ಯಂತ್ರಗಳು ಒಂದನ್ನೊಂದು ಕಾಣಬಲ್ಲವು. "ಓಣಿ ಸುದ್ದಿ ತಗೀರಿ," ಎಂದರು. ನಾನು ಅದನ್ನು ಕಿತ್ತು ಹಾಕಬೇಕೆಂದು ಅಂದುಕೊಂಡು ಸೋಮಾರಿತನದಿಂದ ಬಿಟ್ಟಿದ್ದೆ. ತೆರೆದೆವು. ನಿಮಿಷದೊಳಗೆ ಅವಳ ದಿನಚರಿ ನನ್ನಲ್ಲಿಗೆ, ನನ್ನಿಂದ ಬ್ಯಾಡಗಿಯವರಲ್ಲಿಗೆ ಬಂದು ಬಿತ್ತು. ಗಂಡು ಗಂಡಾಯಿತು, ಹೆಣ್ಣು ಹೆಣ್ಣಾಯಿತು.

ಗೆದ್ದ ಹುಮ್ಮಸ್ಸಿನಲ್ಲಿ ಬ್ಯಾಡಗಿಯವರು, ಹೇಗೆ ಬಂತು ಎಂದು ಎಲ್ಲರಿಗೂ ತೋರಿಸಲು ದಿನಚರಿಯ ಪುಟವನ್ನೇ ಲುಂಗಿಯ ಮೇಲೆ ಹಾಕಿದರು. ನಾನು ತಡೆಯುವುದರೊಳಗೆ ಪುಟ ಮೇಲಕ್ಕೆ ಸರಿದು ಒಂದು ಸಾಲಿನ ಮೇಲೆ ನಿಂತಿತು. ಐರಣಿ ಅಕ್ಕ ಗಟ್ಟಿಯಾಗಿ ಓದಿದರು.

"ತೊಟ್ಟು ಬಿಡಿಸೋ ಕೆಲಸಾನೂ ಕೊಡಬಾರದು. ಇದನ್ನ ಯಾರು ಬರದದ್ರಿ?"

"ನಾನರಿ," ಎಂದರು ಬ್ಯಾಡಗಿಯವರು.

"ತೊಟ್ಟು ಬಿಡಿಸೂದು ಅಷ್ಟು ಹಗರ ಕೆಲಸೇನ್ರಿ? ಮದಿವಿಗಿಂತ ಮೊದಲ ನಾ ನಿಮ್ಮೂರಾಗ ಮಾಡೇನಿ. ಕೈ ಉರಿ ಮೂರು ದಿನಾ ಇಳಿಯೂದಿಲ್ಲ. ಒಂದ ಮುಂಜಾನಿ ಕುಂತು ಮಾಡ್ರಿ, ನೋಡೋಣ."

ಬ್ಯಾಡಗಿಯವರು ಎದ್ದು ನಿಂತು ಕೈ ಮುಗಿದರು. "ತಪ್ಪಾತ್ರಿ ಯವ್ವಾ. ಖರೇ ತಪ್ಪಾತು."

"ಹಂಗಾದ್ರ ಅಳಿಸ್ರಿ."

"ಅಳಸಾಕ ಬರೂದಿಲ್ರಿ."

ಅಕ್ಕ ನಮ್ಮನ್ನೆಲ್ಲ ಒಮ್ಮೆ ನೋಡಿದರು. ಒಳಗೊಳಗೆ ನಗು ಬಂದಿತ್ತೋ ಏನೋ, ಮುಖದಲ್ಲಿ ತೋರಿಸಲಿಲ್ಲ. "ಹಂಗಾದ್ರ ಕೆಳಗ ತಪ್ಪಾತು ಅಂತ ಬರೀರಿ."

ಅವರು ನಿಂತುಕೊಂಡೇ, ಇಪ್ಪತ್ತು ಮಂದಿಯ ಎದುರು, ಒಂದೊಂದೇ ಅಕ್ಷರ ಒತ್ತಿ ಬರೆದರು. ಕಾಗುಣಿತ ತಪ್ಪಿತ್ತು. ಅದನ್ನೂ ಅಳಿಸಲು ಬರುವುದಿಲ್ಲವಲ್ಲ, ಅದರ ಕೆಳಗೆ ಇನ್ನೊಮ್ಮೆ ಬರೆದರು. ಅಷ್ಟಾಗುವ ಹೊತ್ತಿಗೆ ಹಿಂದಿನ ಸಾಲಿನವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಐರಣಿ ಅಕ್ಕ ಮಾತ್ರ ಯೋಚನೆಯಲ್ಲಿ ಬಿದ್ದಿದ್ದರು. "ನಮ್ಮ ಹೊಲದ ಲೆಕ್ಕದಾಗೂ ಹಿಂಗ ಇರತೈತೇನ್ರಿ? ಒಮ್ಮೆ ಬರದ್ರ ಯಾರಿಗೂ ತಿದ್ದಾಕ ಬರೂದಿಲ್ಲ, ಕೆಳಗ ಬರೀಬೇಕು ಅಷ್ಟ?"

ಹೌದು, ಇದನ್ನೇ ಹಾಕಿದರೆ ಹಾಗೇ ಇರುತ್ತದೆ ಎಂದೆ.

"ಇದನ್ನ ಹಾಕ್ರಿ. ಆ ನೋಟ್‌ಬುಕ್ಕಿನ್ಯಾಗ ಒಬ್ಬಾಕಿ ಬರದದ್ದನ್ನ ಇನ್ನೊಬ್ಬಾಕಿ ರಬ್ಬರ್ ಹಚ್ಚಿ ಅಳಿಸಿ, ಎಷ್ಟು ಜಗಳ ಆಗ್ಯಾವು ನಿಮಗ ಗೊತ್ತಿಲ್ಲ."

ತಿಂಗಳಿಡೀ ನಾವು ಮುಗಿಸಲಾರದ ಚರ್ಚೆ ಹೀಗೆ ಮುಗಿಯಿತು. ಹೊಲಕ್ಕೆ ಓಣಿ ಸುದ್ದಿ. ನಮ್ಮ ಕೋಡಿಗೆ, ಕೋಡ್ ಬರೆಯುವವರಿಗಾಗಿಯೇ ಮಾಡಿದ್ದೆಂದು, ನಾನು ತಂದದ್ದೇ ಉಳಿಯಿತು. ಬೀಜದ ಡಬ್ಬಿ ಈಗ ಮೂವರ ಮನೆಯಲ್ಲೂ ಒಂದೊಂದಿದೆ, ಒಂದು ಪ್ಲಗ್ಗು ಕಳಚಿದರೆ ಇನ್ನೆರಡು ಇರಲಿ ಎಂದು. ಮರಳುವ ಬಸ್ಸಿನಲ್ಲಿ ಅಗಡಿಯವಳ ಪಕ್ಕದಲ್ಲಿ ಕೂತೆ. "ಅವತ್ತ ನಾ ಅಂದದ್ದು ತಪ್ಪು," ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತ, "ಕೆಳಗ ಬರದು ಬಿಡ್ರಿ ಅಕ್ಕಾ," ಎಂದಳು. ಸ್ವಲ್ಪ ಹೊತ್ತಿಗೆ ಅವಳ ತಲೆ ನನ್ನ ಹೆಗಲಿಗೆ ಒರಗಿತ್ತು. ಅವಳಿಗೆ ಬಸ್ಸಿನಲ್ಲಿ ಕೋಡ್ ಬರೆಯಲೂ ಬರುತ್ತದೆ, ನಿದ್ದೆ ಮಾಡಲೂ ಬರುತ್ತದೆ.

ಮೂರು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಕಳೆದ ವಾರ ಐರಣಿ ಅಕ್ಕನ ಫೋನು ಬಂತು. ದನಿ ಮೊನಚಾಗಿತ್ತು.

"ನಮ್ಮ ಹೊಲದ ಸುದ್ದಿ ಕುಪ್ಪೇಲೂರಿಗೆ ಹೆಂಗ ಹೋತ್ರಿ? ಈ ಸಲ ನಾವು ಯಾವ ಸಾಲಿಗೆ ಎಂದ ಕ್ರಾಸಿಂಗ್ ಮಾಡೇವಿ ಅಂತ ಅಲ್ಲಿಯವ್ರು ನನಗ ತಿಳಿಸಿ ಹೇಳಾಕತ್ತಾರ."

ಹುಡುಕಿ ನೋಡಿದೆವು. ಗುಂಪಿನ ಒಬ್ಬಾಕೆ ನಾದಿನಿಯ ನಿಶ್ಚಯಕ್ಕೆ ಕುಪ್ಪೇಲೂರಿಗೆ ಹೋಗಿದ್ದಳು. ಅಲ್ಲಿನ ಗುಂಪೂ ನಮ್ಮ ಆ್ಯಪನ್ನೇ ಹಾಕಿಕೊಂಡಿತ್ತು. ಅವಳು ಅಡುಗೆ ಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದಾಗ ಅವಳ ಚೀಲದಲ್ಲಿದ್ದ ಫೋನು, ಪಕ್ಕದ ಚೀಲಗಳ ಫೋನುಗಳೊಂದಿಗೆ, ಅದೇ ಮನೆಯ ವೈಫೈಯಲ್ಲಿ, ಇಡೀ ಐರಣಿಯ ಸುದ್ದಿ ಹೇಳಿ ಮುಗಿಸಿತ್ತು. ಪ್ರೋಟೋಕಾಲ್ ಮಾಡಬೇಕಾದ್ದನ್ನೇ ಮಾಡಿತ್ತು. ಊರೂರಿನ ಸುದ್ದಿಗೆ ಬೀಗ ಹಾಕಬೇಕು, ಚಾವಿ ಆಯಾ ಗುಂಪಿನಲ್ಲೇ ಇರಬೇಕು ಎಂಬುದು ನಮ್ಮ ಮೂವರ ತಲೆಗೂ ಹೊಳೆದಿರಲಿಲ್ಲ.

ಈಗ ಬೀಗ ಹುಡುಕುತ್ತಿದ್ದೇವೆ. ನಿನ್ನೆ ಬ್ಯಾಡಗಿಯವರು ಒಂದು ಬಗೆಯ ಬೀಗದ ವಿವರ ಕಳಿಸಿದ್ದಾರೆ, ಅಗಡಿಯವಳು ಇನ್ನೊಂದು. ನಾನು ಓದುತ್ತಿರುವ ಮೂರನೆಯದರ ಕೈಪಿಡಿಯನ್ನು ಬಹಳ ಚಂದ ಬರೆದಿದ್ದಾರೆ.